ಇಟ್ಟಿಗೆ ಗೋಡೆ ಒಣಗದ ಬಗ್ಗೆ ಒಂದು ವಿನಮ್ರ ದೂರು

ಟೆಕ್ಸ್ಚರ್ ಪೇಸ್ಟ್ ತಯಾರಿಸುವ ಕಂಪನಿಯ ಗ್ರಾಹಕ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಸಮಸ್ತ ಸಿಬ್ಬಂದಿಯೂ, ಗೋದಾಮಿನಲ್ಲಿ ಮುಚ್ಚಳ ಬಿಗಿದುಕೊಂಡು ಕುಳಿತಿರುವ ತಮ್ಮ ಅಸಂಖ್ಯಾತ ಡಬ್ಬಿಗಳೂ ಕ್ಷೇಮವೆಂದು ನಂಬಿ, ಹದಿನೇಳು ವರ್ಷಗಳಿಂದ ಹಲ್ಲಿನ ಡಾಕ್ಟರೊಬ್ಬರ ಬಳಿ ಸಹಾಯಕಿಯಾಗಿರುವ ಮತ್ತು ಈವರೆಗೆ ಯಾರ ಮೇಲೂ ದೂರು ಬರೆದು ಅಭ್ಯಾಸವಿಲ್ಲದ ನಾನು ಈ ಬಹಿರಂಗ ಪತ್ರವನ್ನು ಅತ್ಯಂತ ಗೌರವದಿಂದ ಬರೆಯುತ್ತಿದ್ದೇನೆ.

ನಮ್ಮ ಅಮ್ಮನ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಮನೆಯವರೆಲ್ಲರ ಫೋಟೋಗಳ ಒಂದು ಸ್ಕ್ರ್ಯಾಪ್‌ಬುಕ್ ಮಾಡಿಕೊಡಬೇಕೆಂದು ನಾನು ಹೊರಟಾಗ, ಬರೀ ಅಂಟಿಸಿದ ಫೋಟೋ ಸಪ್ಪೆ, ಪುಟಕ್ಕೆ ಉಬ್ಬುತಗ್ಗು ಬಂದರೇ ಜೀವ ಎಂದು ತಿಳಿಸಿದ್ದು ತಮ್ಮ ಕರಪತ್ರ. ಅದರಲ್ಲಿದ್ದಂತೆ ಪುಟಕ್ಕೆ ಬಿಳಿ ಅಸ್ತರ ಬಳಿದು, ಮೇಲೆ ಎಲೆಗಳ ಆಕಾರ ಕತ್ತರಿಸಿದ ಸ್ಟೆನ್ಸಿಲ್ ಹಾಳೆ ಇಟ್ಟು, ತಮ್ಮ ಪೇಸ್ಟನ್ನು ಕ್ಲಿನಿಕ್ಕಿನಲ್ಲಿ ಹಲ್ಲಿನ ಅಚ್ಚಿಗೆ ಗಾರೆ ಕಲಸುವ ಚಪ್ಪಟೆ ಚಮಚದಿಂದ ಸವರಿ ಸ್ಟೆನ್ಸಿಲ್ ಎತ್ತಿದಾಗ, ಅಮ್ಮನ ಫೋಟೋದ ಸುತ್ತ ಎಲೆಗಳು ಎದ್ದು ನಿಂತವು. ಅಷ್ಟರ ಮಟ್ಟಿಗೆ ತಮ್ಮ ಪೇಸ್ಟನ್ನು ಹೊಗಳಲು ನನಗೆ ಯಾವ ಸಂಕೋಚವೂ ಇಲ್ಲ.

ತೊಂದರೆ ಶುರುವಾದದ್ದು ನಾಲ್ಕನೆಯ ಪುಟದಲ್ಲಿ. ನಮ್ಮ ಅಕ್ಕನೂ ಅಣ್ಣನೂ ಒಂಬತ್ತು ವರ್ಷಗಳಿಂದ ಮುಖ ಕೊಟ್ಟು ಮಾತಾಡಿದವರಲ್ಲ. ತೀರಿಕೊಂಡ ಅಪ್ಪನ ಮೇಜಿಗೆ ಅಣ್ಣ ಯಾರನ್ನೂ ಕೇಳದೆ ಹಸಿರು ಬಣ್ಣ ಬಳಿದದ್ದೇ ಅದಕ್ಕೆ ಕಾರಣ. ಅಮ್ಮನನ್ನು ನೋಡಲು ಒಂದು ಭಾನುವಾರ ಅಕ್ಕ, ಮರು ಭಾನುವಾರ ಅಣ್ಣ ಬರುವಂತೆ ಏರ್ಪಾಡು ಮಾಡಿ, ಇಬ್ಬರ ಸರದಿ ಒಂದಕ್ಕೊಂದು ಅಡ್ಡ ಹಾಯದಂತೆ ನೋಡಿಕೊಳ್ಳುವ ಕೆಲಸ ಕಿರಿಯವಳಾದ ನನ್ನದು. ವಯಸ್ಸಿನ ಪ್ರಕಾರ ಪುಟ ಜೋಡಿಸಿದ್ದರಿಂದ ಇಬ್ಬರೂ ಎದುರುಬದುರಾದರು. ಪುಸ್ತಕದಲ್ಲಾದರೂ ಶಾಂತಿ ಇರಲಿ ಎಂದು ಇಬ್ಬರ ಫೋಟೋಗಳ ಸುತ್ತಲೂ ಇಟ್ಟಿಗೆ ಗೋಡೆಯ ಸ್ಟೆನ್ಸಿಲ್ ಇಟ್ಟೆ. ಒಂಬತ್ತು ವರ್ಷದ ಜಗಳಕ್ಕೆ ಒಂದು ಪದರ ಸಾಲದೆಂದು ತೋರಿ ಮೂರು ಪದರ ಬಳಿದೆ.

ಡಬ್ಬಿಯ ಮೇಲೆ ತಾವು ಇಪ್ಪತ್ತು ನಿಮಿಷದಲ್ಲಿ ಒಣಗುವುದಾಗಿ ಅಚ್ಚು ಹಾಕಿಸಿದ್ದೀರಿ. ರೋಗಿ ಬಾಯಿ ತೆರೆದುಕೊಂಡು ಕಾಯುವ ನಮ್ಮ ಕಸುಬಿನಲ್ಲಿ ಅಚ್ಚಿನ ಮಿಶ್ರಣ ಮೂರು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಇಪ್ಪತ್ತೆಂದರೆ ನಮಗೆ ಧಾರಾಳವೇ. ಆದರೂ ಇಪ್ಪತ್ತೈದು ಕೊಟ್ಟು, ಅಚ್ಚುಗಳನ್ನು ಪರೀಕ್ಷಿಸುವಂತೆ ಉಗುರಿನಿಂದ ಒತ್ತಿ ನೋಡಿ, ಉಗುರು ಇಳಿಯದಿದ್ದುದರಿಂದ ತೃಪ್ತಳಾದೆ. ಹಸಿಗೆ ಪುಟಗಳು ಸೊಟ್ಟಗಾಗಿದ್ದವು. ನೇರವಾಗಲೆಂದು ಪುಸ್ತಕ ಮುಚ್ಚಿ, ಡಾಕ್ಟರು ಬಿಸಾಡಲು ಕೊಟ್ಟಿದ್ದ ಹನ್ನೆರಡು ಜನರ ಹಲ್ಲಿನ ಅಚ್ಚುಗಳನ್ನು ಅದರ ಮೇಲೆ ಹೇರಿದೆ. ದಪ್ಪಗೆ ಬಳಿದರೆ ಒಂದು ದಿನ ಪೂರ್ತಿ ಬೇಕೆಂಬ ಸಾಲು ಬೆಲೆಯ ಚೀಟಿಯ ಅಡಿಯಲ್ಲಿತ್ತೆಂಬುದು ನನಗೆ ತಿಳಿದದ್ದು ಬೆಳಿಗ್ಗೆ, ಗೋಡೆಗೆ ಗೋಡೆ ಕಚ್ಚಿಕೊಂಡು, ಹಸಿ ಪೇಸ್ಟ್ ಫೋಟೋಗಳ ಮೇಲೂ ಹರಡಿ, ಒಳಗೆ ಅಕ್ಕನೂ ಅಣ್ಣನೂ ಕೆನ್ನೆಗೆ ಕೆನ್ನೆ ಒತ್ತಿಕೊಂಡ ಮೇಲೆ.

ಬಿಸಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಸುಲಭವಾಗಿ ಬಿಡಿಸಬಹುದು ಎಂಬ ತಮ್ಮ ಭರವಸೆಯನ್ನೂ, ತಲೆಗೂದಲು ಒಣಗಿಸುವ ಯಂತ್ರವನ್ನೂ, ಹಲ್ಲಿನ ಸಂದಿಗೆ ಹಾಕುವ ದಾರವನ್ನೂ ಪ್ರಯೋಗಿಸಿದ್ದಾಯಿತು. ಪುಟಗಳು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಅಮ್ಮನ ಹುಟ್ಟುಹಬ್ಬಕ್ಕೆ ಎರಡೇ ದಿನ ಉಳಿದಿತ್ತು, ಆ ಎರಡು ಫೋಟೋಗಳಿಗೂ ಬೇರೆ ಪ್ರತಿ ಇರಲಿಲ್ಲ. ಫ್ರೇಮ್ ಅಂಗಡಿಯವರು ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿ, "ಒಂದು ಮುಖ ಉಳಿಸ್ಬಹುದಮ್ಮ, ಇನ್ನೊಂದು ಕಿತ್ತು ಬರುತ್ತೆ. ಯಾವುದು ಬೇಕು ಅಂತ ನೀವೇ ಹೇಳಿ" ಎಂದರು. ಮಾನ್ಯರೇ, ತಮ್ಮ ಕರಪತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ನಾನು ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಅತ್ತೆ.

ವಿಧಿಯಿಲ್ಲದೆ ಇಬ್ಬರಿಗೂ ಫೋನ್ ಮಾಡಿದೆ. ಅಕ್ಕ ನನ್ನ ಬೇಜವಾಬ್ದಾರಿಯ ಬಗ್ಗೆ ಸುದೀರ್ಘವಾಗಿ ಮಾತಾಡಿ, ಕೊನೆಗೆ, "ನಂದು ಹರಿದ್ರೆ ಹರೀಲಿ ಬಿಡು. ಅವನು ಒಂದು ದಿನ ನೆಟ್ಟಗೆ ತಲೆ ಬಾಚ್ಕೊಂಡಿದ್ದು ಅಂದ್ರೆ ಅದೊಂದು ಫೋಟೋದಲ್ಲೇ" ಎಂದಳು. ಅಣ್ಣ, "ಅವಳ ಮುಖ ಕೀಳ್ಬೇಡ. ಆ ಫೋಟೋ ತೆಗ್ದಿದ್ದು ನಾನು" ಎಂದ. ಈ ಉತ್ತರಗಳಿಂದ ಫ್ರೇಮ್ ಅಂಗಡಿಯವರ ಕೆಲಸ ಮುಂದುವರಿಯುವಂತಿರಲಿಲ್ಲ. ಪುಸ್ತಕವನ್ನು ಹಾಗೇ ಮನೆಗೆ ತಂದೆ.

ಹುಟ್ಟುಹಬ್ಬ ಬಿದ್ದದ್ದು ಬುಧವಾರ, ಯಾರ ಸರದಿಯೂ ಅಲ್ಲದ ದಿನ. ನಾನು ಎಲ್ಲಿ ಮಾತು ಮೀರಿ ಇನ್ನೊಬ್ಬರ ಮುಖ ಕಿತ್ತಿರುತ್ತೇನೋ ಎಂಬ ಅನುಮಾನದಿಂದ ಇಬ್ಬರೂ ಬೆಳಿಗ್ಗೆ ಹತ್ತಕ್ಕೇ ಬಂದುಬಿಟ್ಟರು. ಸೋಫಾದ ಮೇಲೆ ಅಮ್ಮನ ಆಚೆಗೊಬ್ಬರು ಈಚೆಗೊಬ್ಬರು ಕುಳಿತು, ಅವಳ ಮಡಿಲಲ್ಲಿದ್ದ ಪುಸ್ತಕದ ಒಂದೊಂದು ಪುಟ ಹಿಡಿದು, ಒಬ್ಬರನ್ನೊಬ್ಬರು ನೋಡದೆ, ಸಂದಿಯೊಳಗೆ ಇಣುಕಿದರು. ಅಮ್ಮ ಇಬ್ಬರ ಕೈಗಳ ಮೇಲೂ ತನ್ನ ಕೈ ಇಟ್ಟು, "ಯಾರೂ ಎಳೀಬೇಡಿ" ಎಂದಳು. ಯಾರೂ ಎಳೆಯಲಿಲ್ಲ. ಕೈಗಳನ್ನೂ ತೆಗೆಯಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿಜ್ಞಾಪನೆ ಏನೆಂದರೆ, ಬಿಸಿನೀರಿನಿಂದ ಬಿಡಿಸಬಹುದೆಂಬ ಸುಳ್ಳು ಭರವಸೆಯನ್ನು ಡಬ್ಬಿಯಿಂದ ಕೂಡಲೇ ಅಳಿಸಿ, ಈ ಪೇಸ್ಟ್ ಎಂದೆಂದಿಗೂ ಬಿಡುವುದಿಲ್ಲವೆಂದು ನಮ್ಮ ಅಮ್ಮನ ಹೆಸರಿಗೆ ಮೊಹರು ಹಾಕಿದ ಪತ್ರ ಬರೆದುಕೊಡಬೇಕು. ಇದನ್ನು ಕರಗಿಸುವ ದ್ರಾವಣವೇನಾದರೂ ತಮ್ಮಲ್ಲಿ ತಯಾರಾಗುತ್ತಿದ್ದರೆ ಅಮ್ಮ ಇರುವವರೆಗಾದರೂ ಅದನ್ನು ನಿಲ್ಲಿಸಬೇಕು. ಒಣಗುವ ಸಮಯದ ಬಗ್ಗೆ ಮಾತ್ರ ನನ್ನ ದೂರು ದೂರಾಗಿಯೇ ಇರುತ್ತದೆ.

ಉಗುರಿನ ಸಂದಿಯಲ್ಲಿ ಇನ್ನೂ ತಮ್ಮ ಪೇಸ್ಟನ್ನು ಹೊತ್ತಿರುವ,
ತಮ್ಮ ವಿಶ್ವಾಸಿ,
ಮನೆಯ ಕಿರಿಯ ಮಗಳು

ತಾ.ಕ.: ಈ ದೂರಿಗಾಗಿ ಮೂರು ಸಲ ಫೋನ್ ಮಾಡಿದಾಗ, ಗ್ರಾಹಕ ವಿಭಾಗದವರು ತಯಾರಿಕಾ ವಿಭಾಗವನ್ನು ಕೇಳಿ ಎಂದೂ, ತಯಾರಿಕಾ ವಿಭಾಗದವರು ನಾವು ಅವರ ಜೊತೆ ಮಾತಾಡುವುದಿಲ್ಲ ಎಂದೂ ತಿಳಿಸಿದರು. ನನ್ನ ಬಳಿ ಅರ್ಧ ಡಬ್ಬಿ ಉಳಿದಿದೆ. ಎರಡೂ ವಿಭಾಗದವರನ್ನು ಒಂದೇ ಬೆಂಚಿನ ಮೇಲೆ ಕೂರಿಸುವ ಜವಾಬ್ದಾರಿ ತಮ್ಮದಾದರೆ, ಬಳಿಯಲು ನಾನೇ ಬರುತ್ತೇನೆ.