ಒಡೆಯದ ಗುಂಡು

"ಏನಪ್ಪಾ, ಕಪ್ಪು-ಬಸಿ ಮಾರೋನು ಹೆಣ್ಣು ಕೇಳಾಕೆ ಬಂದೀಯಾ? ಕಪ್ಪು ನನ್ನ ಸೊಂಟಕ್ಕೆ, ಬಸಿ ನನ್ನ ಮಗಳಿಗೆ?"

ವಿದ್ಯಾನಗರದ ಮನೆಯ ಪಡಸಾಲೆಯಲ್ಲಿ ಬಟ್ಟೆ ಅಂಗಡಿ ವಾಮದೇವಪ್ಪ ಹೀಗೆಂದದ್ದೇ ತಡ, ಉಪ್ಪಿಟ್ಟು ತಿನ್ನುತ್ತಿದ್ದ ನೆಂಟರೆಲ್ಲ ತಟ್ಟೆ ಅಲುಗುವಂತೆ ನಕ್ಕರು. ಬಾಗಿಲ ಹಿಂದೆ ನಿಂತಿದ್ದ ಮಗಳು ಅಂಕಿತಾ ಒಬ್ಬಳೇ ನಗಲಿಲ್ಲ.

ಹೆಣ್ಣು ಕೇಳಲು ಬಂದಿದ್ದ ಬಕ್ಕೇಶ್ ಆಸ್ಪತ್ರೆಗಳಿಗೆ ಕೃತಕ ಕೀಲು ಮಾರುವವನು. ವಾಮದೇವಪ್ಪನ ಸೊಂಟದ ಕೀಲು ಸವೆದು, ಬದಲಿಸಲೇಬೇಕೆಂದು ಡಾಕ್ಟರು ಹೇಳಿದ್ದರು. ಮಾವನಾಗುವವರನ್ನು ಮೆಚ್ಚಿಸೋಣವೆಂದು ಬಕ್ಕೇಶ್ ಬ್ಯಾಗಿನಿಂದ ಸ್ಯಾಂಪಲ್ ತೆಗೆದದ್ದೇ ತಪ್ಪಾಯಿತು. ನಿಂಬೆಹಣ್ಣಿನ ಗಾತ್ರದ, ಹಾಲಿನಂಥ ಬಿಳುಪಿನ, ಜಿರ್ಕೋನಿಯಾ ಎಂಬ ಪಿಂಗಾಣಿಯ ಕೀಲಿನ ಗುಂಡು.

"ಇದು ಬ್ಯಾರೆ ಪಿಂಗಾಣಿ ಸಾವ್ಕಾರ್ರೇ. ಬಿರುಕು ಶುರುವಾತು ಅಂದ್ರೆ ಅಲ್ಲಿನ ಕಣಗಳು ಉಬ್ಬಿ ಅದನ್ನ ಹಿಸುಕಿಬಿಡ್ತಾವೆ. ಸಿಟಿ ಬಸ್ಸಿನಾಗೆ ಸಂದಿ ಕಂಡ ಕೂಡ್ಲೇ ಅಕ್ಕಪಕ್ಕದೋರು ಅಗಲ ಆಗಿ ಕುಂತ್ಕೊಂತಾರಲ್ಲ, ಹಂಗೆ. ತುಕ್ಕು ಹಿಡಿಯಲ್ಲ, ಮೈಗೂ ಒಗ್ತೈತೆ."

"ನಿನ್ನ ಬಾಯಿಗೂ ತುಕ್ಕಿಲ್ಲ ಬಿಡು. ಇವತ್ತೇ ನೋಡೇಬಿಡಾನ. ಒಡೆದ್ರೆ ಹೆಣ್ಣಿಲ್ಲ!"

ಹಾಗಾದರೆ ಒಡೆಯದಿದ್ದರೆ ಹೆಣ್ಣು ನನ್ನದೇ ಎಂದು ಬಕ್ಕೇಶ್ ಒಳಗೊಳಗೇ ಹಿಗ್ಗಿದ.

ಮೊದಲ ಪರೀಕ್ಷೆ ಅತ್ತೆಯಾಗಬೇಕಾದ ನಿರ್ಮಲಮ್ಮನದು. "ಹುಣಸೆಹುಳಿಗೆ ಹಿತ್ತಾಳೆನೇ ಬಣ್ಣ ಬಿಡ್ತೈತೆ, ಇದ್ಯಾವ ಲೆಕ್ಕ?" ಎಂದು ಗುಂಡನ್ನು ಹುಳಿನೀರಿನಲ್ಲಿ ಕೊತಕೊತ ಕುದಿಸಿದರು. ಪಾತ್ರೆಯ ತಳ ಬೆಳಗಿತು, ಗುಂಡು ಹಾಗೇ ಇತ್ತು. ಪಕ್ಕದ ಮನೆಯವನೊಬ್ಬ ಕೆಟ್ಟ ಟೇಪ್‌ರೆಕಾರ್ಡರಿನ ಸ್ಪೀಕರ್ ಬಿಚ್ಚಿ, ಒಳಗೆ ಕಬ್ಬಿಣ ಇದೆಯೇ ನೋಡಲು ಆಯಸ್ಕಾಂತ ತಂದ. ಅದಕ್ಕೆ ಅಂಟಿದ್ದು ನಿರ್ಮಲಮ್ಮನ ಪಿನ್ನು ಮಾತ್ರ.

ಗುಂಡನ್ನು ಒರೆಸಿ ಕೊಡುತ್ತಾ ಅಂಕಿತಾ ಪಿಸುಗುಟ್ಟಿದಳು: "ಗಟ್ಟಿ ಐತಲ್ರೀ?"

"ನನ್ನಷ್ಟೇ," ಎಂದ ಬಕ್ಕೇಶ್. ದನಿ ನಡುಗಿತು.

ಮುಂದಿನ ಪರೀಕ್ಷೆಗೆ ಹರಿಹರದ ಬೊಮ್ಮಣ್ಣನ ವರ್ಕ್‌ಶಾಪು. ವಾಮದೇವಪ್ಪನ ಎಕ್ಸ್‌ರೇ ತರಲು ಒಬ್ಬರೂ ಸಿಗದಿದ್ದ ನೆಂಟರು, ಒಡೆಯುವುದನ್ನು ನೋಡಲು ಮಾತ್ರ ವ್ಯಾನು ತುಂಬಾ ಹೊರಟರು. ಮಂಡಕ್ಕಿ-ಮೆಣಸಿನಕಾಯಿ ಪೊಟ್ಟಣವೂ ಜೊತೆಗೆ.

ಬೊಮ್ಮಣ್ಣ ಗುಂಡನ್ನು ಕಬ್ಬಿಣದ ತಟ್ಟೆಯ ಮೇಲಿಟ್ಟು ಸಮ್ಮಟಿಗೆ ಎತ್ತಿದ. "ಸಾವ್ಕಾರ್ರೇ, ಪುಡಿಯಾದ್ರೆ ನನ್ನ ಬೈಬಾರ್ದು."

"ಹೊಡಿಯೋ!"

ಮೊದಲ ಏಟಿಗೆ ತಟ್ಟೆ ತಗ್ಗಾಯಿತು. ಎರಡನೆಯ ಏಟು ಓರೆಯಾಗಿ ಬಿತ್ತು. ಗುಂಡು ಟಣ್ಣನೆ ಹಾರಿ ಬಕ್ಕೇಶನ ಮಂಡಿಗೆ ಬಡಿಯಿತು. "ಅಯ್ಯಯ್ಯೋ!" ಎಂದು ಅವನು ಕುಸಿದ. ಎಲ್ಲರೂ ಗಾಬರಿಯಿಂದ ಓಡಿದರು, ಗುಂಡಿನ ಕಡೆಗೆ.

ವಾಮದೇವಪ್ಪ ಕನ್ನಡಕ ಏರಿಸಿ, ರೇಷ್ಮೆ ಸೀರೆಯ ಸೆರಗು ಸವರುವಂತೆ ಅದನ್ನು ಸವರಿದ. "ಒಂದು ಗೆರೆ ಇಲ್ಲಲೇ! ಸೊಂಟಕ್ಕೆ ಇಂಥಾದ್ದೇ ಹಾಕಿಸ್ಕೊಂತೀನಿ."

ಬಕ್ಕೇಶ್ ಒಂಟಿಕಾಲಲ್ಲಿ ಎದ್ದು ನಿಂತ. "ಹಂಗಾದ್ರೆ ಮುಹೂರ್ತ?"

"ಆಪರೇಷನ್ನಿಗಾ?"

"ಮದ್ವೀಗೆ."

ವಾಮದೇವಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. "ನೋಡಪ್ಪಾ, ಬಟ್ಟೆ ಹರೀತೈತೆ, ಬಣ್ಣ ಬಿಡ್ತೈತೆ, ಗಿರಾಕಿ ಬೈಕೊಂತ ಮತ್ತೆ ಅಂಗಡಿಗೇ ಬರ್ತಾನೆ. ನಮ್ಮ ಮನಿ ಅನ್ನ ಅದು. ನಿನ್ನ ಮಾಲು ಒಂದ್ಸಲ ಕೊಂಡೋನು ಸಾಯೋತನಕ ಈ ಕಡೆ ತಲೆ ಹಾಕಲ್ಲ. ಒಡೀದೇ ಇರೋದು ಮಾರೋನಿಗೆ ಮಗಳು ಕೊಟ್ಟು ಉಪಾಸ ಕೆಡವ್ಲಾ?"

"ಖರೇ ಮಾತು," ಎಂದು ನೆಂಟರು ತಲೆದೂಗಿದರು. ಒಡೆಯುತ್ತದೆಂದು ಬೆಳಗ್ಗೆ ನಕ್ಕವರೇ, ಒಡೆಯಲಿಲ್ಲವಲ್ಲ ಎಂದು ಈಗ ಮರುಗಿದರು.

ಬಕ್ಕೇಶ್ ಬ್ಯಾಗು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ಕಡೆ ಹೊರಟ. ವಾಮದೇವಪ್ಪ ಹಿಂದಿನಿಂದ ಕೂಗಿದ:

"ಏ ಬಕ್ಕೇಶ್, ಕುಂಟ್ತೀಯಲ್ಲೋ! ತರಿಸೋವಾಗ ಎರಡು ತರಿಸು, ನಿನಗೂ ಒಂದು ಬೇಕಾಗ್ತೈತೆ!"

ಬಕ್ಕೇಶ್ ಕುಂಟುತ್ತಲೇ ನಡೆದ.