ಸೀರೆಯ ಅಂಚಿನ ರೇಡಿಯೋ ಚೀಟಿ

ಮಕ್ಕಳೇ, ನನಗೆ ಕಳ್ಳರ ಹೆದರಿಕೆ ಅಷ್ಟಾಗಿ ಇಲ್ಲ. ನಾನೇ ಕಳ್ಳಿ ಅನ್ನಿಸಿಕೊಂಡರೆ ಹೇಗೆ ಎಂಬ ಹೆದರಿಕೆ ಮಾತ್ರ ಚಿಕ್ಕಂದಿನಿಂದ ಇದೆ. ಉಪ್ಪಿನಬೆಟಗೇರಿ ಸಾಲಿಯಲ್ಲಿ ಯಾರದಾದರೂ ಬಳಪ ಕಳೆದು ಮಾಸ್ತರರು ಎಲ್ಲರನ್ನೂ ನಿಲ್ಲಿಸಿದರೆ, ತೆಗೆದುಕೊಳ್ಳದ ನಾನೇ ಮೊದಲು ಬೆವರುತ್ತಿದ್ದೆ. ಮುಂದೆ ಅಂಗಡಿಯಲ್ಲಿ ಮಾತಾಡುವ ಕೆಲಸ ನಿಮ್ಮ ಅಜ್ಜನದು, ಅವರ ಬೆನ್ನ ಹಿಂದೆ ನಿಲ್ಲುವ ಕೆಲಸ ನನ್ನದು. ಅವರು ಹೋದ ಮೇಲೆ ನಿಲ್ಲಲು ಬೆನ್ನೇ ಇಲ್ಲದಂತಾಯಿತು.

ಆಹೇರಿ ಸೀರೆಗಳ ಗುಟ್ಟು ನಿಮಗೆ ಗೊತ್ತಿಲ್ಲ. ಕಾರ್ಯದಲ್ಲಿ ಉಡುಗೊರೆಯಾಗಿ ಬಂದ ಸೀರೆಯ ಮಡಿಕೆಯನ್ನು ನಾವು ಬಿಚ್ಚುವುದೇ ಇಲ್ಲ. ಹಾಗೇ ಪೆಟ್ಟಿಗೆಯಲ್ಲಿಟ್ಟು, ಮುಂದೊಂದು ಮದುವೆಯಲ್ಲಿ ಬೇರೆಯವರಿಗೆ ಕೊಡುತ್ತೇವೆ. ಮಾಡುವವರು ಎಲ್ಲರೂ, ಬಾಯಿಬಿಡುವವರು ಯಾರೂ ಇಲ್ಲ. ಆದರೆ ಕೊಟ್ಟವರ ಕಣ್ಣಿಗೆ ಬಿದ್ದರೆ ಮುಗಿಯಿತು, ನೆಂಟಸ್ತನವೇ ಕೆಡುತ್ತದೆ.

ಮೊಬೈಲ್ ಫೋನು ಎಲ್ಲರ ಕೈಗೆ ಬರುತ್ತಿದ್ದ ವರ್ಷಗಳವು. ಹುಬ್ಬಳ್ಳಿಯಲ್ಲಿ ಪರಿಚಯದವರ ಮದುವೆ. ನವನಗರದ ಶಾಂತವ್ವ, ಅಂದರೆ ನಿಮ್ಮ ತಾಯಿಯ ತಾಯಿ, ನನ್ನ ಬೀಗತಿ, ಜೊತೆಗಿದ್ದರು. ನನ್ನ ಚೀಲದಲ್ಲಿ ಒಂದು ನೀಲಿ ಸೀರೆ. ಅದು ನಿಮ್ಮ ಅಣ್ಣನ ತೊಟ್ಟಿಲ ಕಾರ್ಯದಲ್ಲಿ ಇದೇ ಶಾಂತವ್ವ ನನಗೆ ಕೊಟ್ಟದ್ದು. ಅದರ ಮೇಲೆ ಟವೆಲ್ ಮುಚ್ಚಿಕೊಂಡು ಹೊರಟಿದ್ದೆ. ದಾರಿಯಲ್ಲಿ ಅವರಿಗೆ ಒಂದು ಸ್ಟೀಲ್ ಡಬ್ಬಿ ಬೇಕಾಯಿತು. ಕೇಶ್ವಾಪುರದ ಹೊಸ ದೊಡ್ಡ ಅಂಗಡಿಗೆ ಹೋದೆವು.

ಬಾಗಿಲಲ್ಲಿ ಎರಡು ಕಂಬ. ನಾನು ನಡುವೆ ಕಾಲಿಟ್ಟೆನೋ ಇಲ್ಲವೋ, ಅವು ಕಿರುಚತೊಡಗಿದವು. ಒಯ್ಯುವವರನ್ನು ಹಿಡಿಯಬೇಕಾದ ಕಂಬ, ತರುವವಳನ್ನು ಹಿಡಿಯಿತು. ಹೋದ ಸಲ ನಾನು ಕದ್ದೊಯ್ದದ್ದೇ ಚೀಲದಲ್ಲಿದೆಯೇನೋ ಎಂಬಂತೆ ಕಾವಲುಗಾರ ನೋಡಿದ. ನಾನು ಚೀಲವನ್ನು ಎದೆಗೆ ಅವುಚಿಕೊಂಡೆ. ಟವೆಲ್ ಸರಿಯಿತು, ಸೀರೆ ಹೊರಬಂತು. ನಾನು ಶಾಂತವ್ವನ ಮುಖ ನೋಡಲಿಲ್ಲ.

ಮ್ಯಾನೇಜರು ಬಂದು ಅಂಚಿನ ಒಳಗೆ ಹೊಲಿದಿದ್ದ ಬೆರಳಗಲದ ಚೀಟಿಯನ್ನು ತೋರಿಸಿದರು. ಅದು ರೇಡಿಯೋ ಚೀಟಿಯಂತೆ. ರೇಡಿಯೋ ಎಂದರೆ ವಾರ್ತೆ ಓದುವುದೆಂದು ತಿಳಿದಿದ್ದ ನನಗೆ, ಈಗ ನನ್ನ ವಾರ್ತೆಯನ್ನೇ ಓದಿಬಿಟ್ಟರೆ ಎಂದು ಹೆದರಿಕೆಯಾಯಿತು. ಅವರು ಕೈಯ ಯಂತ್ರವನ್ನು ಅದಕ್ಕೆ ಹಿಡಿದು ತಲೆ ಅಲ್ಲಾಡಿಸಿದರು.

"ಇದು ನಮ್ಮ ಮಾಲಲ್ಲರಿ ಅವ್ವಾರ. ಚೀಟಿ ಐತಿ ಅಂತಷ್ಟ ನಮ್ಮ ಕಂಬಕ್ಕ ತಿಳೀತೈತಿ, ಯಾರದು ಅಂತ ಓದಾಕ ಬರಂಗಿಲ್ಲ. ಒಂದೊಂದು ಕಂಪನಿಯವರದು ಒಂದೊಂದು ನಮೂನಿ ನಂಬರು. ಎಲ್ಲಾರೂ ಒಂದ ನಿಯಮ ಹಿಡದ್ರ, ಯಾವ ಅಂಗಡ್ಯಾಗ ಯಾವತ್ತು ಮಾರಿದ್ದು, ಎಲ್ಲಾ ಇಲ್ಲೇ ಬರತಿತ್ತು."

"ತಗೊಂಡವರ ಹೆಸರೂ ಬರತಿತ್ತೇನ್ರಿ?" ಎಂದು ಶಾಂತವ್ವ ಕೇಳಿದರು. ಅವರ ದನಿ ನನ್ನ ದನಿಯಷ್ಟೇ ಸಣ್ಣಗಿತ್ತು.

ಬಿಲ್ಲಿನಲ್ಲಿ ಬರೆಸಿದ್ದರೆ ಅದೂ ಸಿಗುತ್ತಿತ್ತು ಎಂದು ಹೇಳಿ, ಮ್ಯಾನೇಜರು ನನ್ನತ್ತ ತಿರುಗಿ, ಎಲ್ಲಿ ಕೊಂಡಿರೆಂದು ಕೇಳಿದರು. ಹೇಳಿದರೆ ಬೀಗತಿ ಹೋಗುತ್ತಾರೆ, ಹೇಳದಿದ್ದರೆ ಮಾನ ಹೋಗುತ್ತದೆ. ನಾನು ಬಳಪ ಕಳೆದ ದಿನದ ಹುಡುಗಿಯಾಗಿ ನಿಂತುಬಿಟ್ಟೆ.

"ಅದು ನಾ ಅವರಿಗೆ ಕೊಟ್ಟ ಸೀರಿರಿ. ಅವರನ್ನ ಹಂಗ ನೋಡಬ್ಯಾಡ್ರಿ," ಎಂದರು ಶಾಂತವ್ವ.

"ಹಂಗಾರ ನೀವು ಎಲ್ಲಿ ತಗೊಂಡ್ರಿ?"

ಶಾಂತವ್ವ ಗೋಡೆಯ ಮೇಲಿದ್ದ ಡಬ್ಬಿಗಳನ್ನು ಎಣಿಸುವವರಂತೆ ನೋಡತೊಡಗಿದರು. ಮ್ಯಾನೇಜರು ನಮ್ಮಿಬ್ಬರ ತಗ್ಗಿದ ತಲೆ ನೋಡಿ, ಏನು ತಿಳಿದುಕೊಂಡರೋ, ಹೋಗಿ ಬನ್ನಿ ಎಂದರು. ಡಬ್ಬಿ ಅಲ್ಲೇ ಉಳಿಯಿತು.

ರಿಕ್ಷಾ ಹತ್ತಿದೆವು. ಆಮೇಲೆ ಶಾಂತವ್ವ ಹೊರಗೆ ನೋಡುತ್ತಲೇ, "ನನಗೂ ಅದು ಆಹೇರಿ ಬಂದದ್ದರಿ," ಎಂದರು. ನನಗೆ ನಗು ಬಂತು, ಜೊತೆಗೆ ಅಳುವೂ. ಆ ಯಂತ್ರಕ್ಕೆ ಓದಲು ಬಾರದಿದ್ದುದಕ್ಕೆ ಶಿವನಿಗೆ ಕೈಮುಗಿದೆ.

ಮದುವೆ ಮನೆಯಲ್ಲಿ ಕತ್ತರಿ ಇಸಿದುಕೊಂಡು ಚೀಟಿ ಕಿತ್ತೆ. ಅವಸರದಲ್ಲಿ ಕತ್ತರಿ ತಾಗಿ, ಅಂಚಿನಲ್ಲಿ ಸಣ್ಣ ತೂತು ಬಿತ್ತು. ಹಾಗೇ ಮಡಚಿ ಕೊಟ್ಟೆ. ಮೂರು ವರ್ಷದ ಮೇಲೆ ನಮ್ಮ ಮನೆಯ ಕಾರ್ಯಕ್ಕೆ ಬೇರೆ ಯಾರೋ ಒಂದು ನೀಲಿ ಸೀರೆ ತಂದರು. ಅಂಚಿನಲ್ಲಿ ನನ್ನ ತೂತು. ಯಾವ ಯಂತ್ರವೂ ಬೇಕಾಗಲಿಲ್ಲ.

ಮತ್ತೆ ಯಾರಿಗೂ ಕೊಡುವ ಧೈರ್ಯ ನನಗಾಗಲಿಲ್ಲ. ಹಬ್ಬಕ್ಕೆ ನಾನು ಉಡುವುದು ಅದನ್ನೇ. ಮಂದಿ ಬಂದಾಗ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕೂರುತ್ತೇನಲ್ಲ, ಅದನ್ನು ನೀವು ಅಜ್ಜಿಯ ನಾಚಿಕೆ ಎಂದುಕೊಂಡಿದ್ದೀರಿ.