ಬೈಯದೆ ಗೆದ್ದ ಗದ್ದೆ

ಸುಕೆಹಿರಾನಿಗೆ ತಾಯಿ ಬರೆದುಕೊಟ್ಟ ಗದ್ದೆಯನ್ನು ಪಕ್ಕದ ತಾದಾಮೊಚಿ ಒತ್ತುವರಿ ಮಾಡಿದ್ದ. ಸುಕೆಹಿರಾ, ಯೋಧರ ಸರ್ಕಾರವಿದ್ದ ಕಾಮಾಕುರಾದ ನ್ಯಾಯಸಭೆಗೆ ದೂರು ಕೊಟ್ಟ. ಸಾಕ್ಷಿಯೆಲ್ಲ ಇವನ ಕಡೆಗೇ ಇತ್ತು, ತೊಂದರೆ ಇದ್ದದ್ದು ಬಾಯಿಯದು. ಸಭೆಯಲ್ಲಿ ಬೈದವನ ಗದ್ದೆ ಎದುರಾಳಿಗೆ ಹೋಗುತ್ತದೆ ಎಂದು ಯೋಧರ ಕಾನೂನು. ಸುಕೆಹಿರಾನೋ, ಕುದುರೆ ಸೀನಿದರೂ ಅದರ ವಂಶ ಜಾಲಾಡುವ ಗಂಡಸು.

ಬೆಳಿಗ್ಗೆ ಹೊರಡುವಾಗ ಹೆಂಡತಿ ಉಪ್ಪಿನಲ್ಲಿ ನೆನೆಸಿದ ಹುಳಿ ಪ್ಲಮ್ ಹಣ್ಣೊಂದನ್ನು ಅವನ ಬಾಯಿಗೆ ತುರುಕಿದಳು. "ರೀ, ಇದನ್ನ ಚೀಪ್ತಾ ಇರಿ. ಬಾಯಿ ಬಿಟ್ರೆ ಬಣ್ಣಗೇಡು."

ಎದುರುಮನೆಯವನೂ ಬಿಡಲಿಲ್ಲ. "ಸಿಟ್ಟು ಬಂದ್ರೆ ಬುದ್ಧನ್ನ ನೆನೆಸ್ಕೋ ಮಾರಾಯ. ಬುದ್ಧನಿಗೆ ಮಾತ್ರ ಬೈಬೇಡ."

ತಾದಾಮೊಚಿ ಸಭೆಯಲ್ಲಿ ಬೆಣ್ಣೆಯಂತೆ ಮಾತಾಡಿದ. "ಸ್ವಾಮಿ, ಇವರ ತೀರಿಹೋದ ತಂದೆ ಯುದ್ಧದಲ್ಲಿ ಬಹಳ ಜೋರಾಗಿ ಓಡೋರು. ಯಾವ ದಿಕ್ಕಿಗೆ ಅಂತ ನಾನು ಹೇಳಲ್ಲ."

"ಇದರಲ್ಲಿ ಬೈಗುಳ ಇಲ್ಲ," ಎಂದರು ನ್ಯಾಯಾಧೀಶರು. "ನೀನೇನಂತೀಯಪ್ಪ, ಸುಕೆಹಿರಾ?"

ಸುಕೆಹಿರಾನ ಕಿವಿ ಕೆಂಪಾಯಿತು. ಹಣ್ಣಿನ ಬೀಜ ಕಡಿದು ಹಲ್ಲು ನೋಯಿತು. ಕೊನೆಗೆ, "ಇರಬಹುದು ಸ್ವಾಮಿ. ಕಾಲು ಗಟ್ಟಿಯಿತ್ತು," ಎಂದ.

ತಾದಾಮೊಚಿ ಕಂಗಾಲಾದ. ಸುಕೆಹಿರಾನ ಅಜ್ಜನನ್ನು ಮಾತಿಗೆ ಎಳೆದು ತಂದ, ಅಜ್ಜನ ಕತ್ತಿಗೆ ತುಕ್ಕು ಹಿಡಿಸಿದ. ಎಲ್ಲಕ್ಕೂ ಸುಕೆಹಿರಾ, "ಇರಬಹುದು," ಎನ್ನುತ್ತ ಕೂತ. ಕೊನೆಗೆ ತಾದಾಮೊಚಿಗೇ ತಲೆ ಕೆಟ್ಟಿತು. "ಲೋ ನಾಯಿ, ನಿಂಗೆ ಮಾನ ಮರ್ಯಾದೆ ಇಲ್ವೇನೋ?"

"ಇದು ಬೈಗುಳ," ಎಂದರು ನ್ಯಾಯಾಧೀಶರು. ಗದ್ದೆ ಸುಕೆಹಿರಾನದೆಂದು ತೀರ್ಪಾಯಿತು.

ಅವನು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದ. ಸುದ್ದಿ ಅವನಿಗಿಂತ ಮುಂಚೆಯೇ, ಸಭೆ ನೋಡಲು ಬಂದಿದ್ದ ಎದುರುಮನೆಯವನ ಬಾಯಿಂದ ಬಂದಿತ್ತು. ಗಂಡ ತೀರಿದ ಮೇಲೆ ತಲೆ ಬೋಳಿಸಿ ಸನ್ಯಾಸಿನಿಯಾಗಿದ್ದ ತಾಯಿ ಬಾಗಿಲಲ್ಲೇ ಕೂತಿದ್ದಳು.

"ನಿಮ್ಮಪ್ಪ ಓಡಿಹೋದ್ರು ಅಂದ್ರೆ 'ಇರಬಹುದು' ಅಂದ್ಯಂತೆ?"

"ಗದ್ದೆ ಉಳೀತಲ್ಲಮ್ಮ."

"ಅವರ ಗಾಯ ತೊಳೆದೋಳು ನಾನು ಕಣೋ. ಬೆನ್ನಲ್ಲಿ ಒಂದೂ ಇರಲಿಲ್ಲ, ಎಲ್ಲಾ ಎದೇಲಿ." ಅವಳ ದನಿ ನಡುಗಿತು. ಆಮೇಲೆ ಗಟ್ಟಿಯಾಯಿತು. "ಮಕ್ಕಳಿಗೆ ಕೊಟ್ಟದ್ದನ್ನ ಹೆತ್ತವರು ವಾಪಸ್ ತಗೋಬಹುದು. ಅದೂ ಅದೇ ಕಾನೂನಲ್ಲಿದೆ. ಗದ್ದೆ ಇವತ್ತಿಂದ ನಿನ್ನ ತಂಗಿಗೆ. ಅವಳು ಆಗಲೇ ತಾದಾಮೊಚಿ ಮನೆ ಮುಂದೆ ನಿಂತು ಅವನ ಮೂರು ತಲೆಮಾರು ಬೈದು ಬಂದ್ಲು."

ಬೆಳಗಿನಿಂದ ನುಂಗಿದ ಬೈಗುಳವೆಲ್ಲ ಸುಕೆಹಿರಾನ ನಾಲಿಗೆಯ ತುದಿಗೆ ಬಂತು.

"ಬೈ, ನೋಡೋಣ," ಎಂದಳು ತಾಯಿ. "ಈ ಮನೇನೂ ನಾನು ಕೊಟ್ಟಿದ್ದೇ."

ಸುಕೆಹಿರಾ ಹೆಂಡತಿಯ ಕಡೆ ತಿರುಗಿ, ಇನ್ನೊಂದು ಪ್ಲಮ್ ಇದೆಯಾ ಎಂದು ಕೇಳಿದ.